ಎರಡು ವರ್ಷದವನ ಸಂಬಳ

ಮಂಡಿಗೆ ಕಟ್ಟಿದ ಐಸ್ ಚೀಲ ಕರಗಿ ನೀರು ಮೀನಖಂಡಕ್ಕೆ ಇಳಿಯುತ್ತಿದೆ, ಇಳಿಯಲಿ, ಆಡಿ ತೋರಿಸಿದ್ದಾಯಿತು, ಇನ್ನು ಅವರು ಹೇಳಬೇಕು, ಪಿಟ್ಸ್‌ಬರ್ಗ್‌ನ ಈ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಉಳಿದಿರುವುದು ಒಂದೇ ಜಾಗ — ಬೆಳಿಗ್ಗೆ ಏಜೆಂಟ್ ಲಾಯ್ಡ್ ಫೋನ್ ಮಾಡಿದ್ದ, ಇವತ್ತಿಂದ ನೀನು ಅವರ ಲೆಕ್ಕಕ್ಕೆ ಹಿಡಿಸ್ತೀಯ ಗಿಲ್ಯಾರ್ಡ್, ಹೋಗು. ಇಡೀ ತಂಡಕ್ಕೆ ಲೀಗ್ ಹಾಕಿದ ಸಂಬಳದ ಮಿತಿಯನ್ನು ಅವರು ಒಂದು ಡಾಲರ್ ಕೂಡ ದಾಟುವಂತಿಲ್ಲ, ಸೀಸನ್ ಶುರುವಾದ ಮೇಲೆ ಕೊಡಬೇಕಾದ ಮೊತ್ತದಿಂದ ದಿನಕ್ಕೊಂದು ದಿನದ ಸಂಬಳ ಉದುರುತ್ತದೆ, ನಾನು ಸಾಕಷ್ಟು ಅಗ್ಗವಾಗಲೆಂದು ಇಪ್ಪತ್ತೈದು ದಿನ ಕಾದರು, ನಾನೂ ಕಾದೆ, ಚರ್ಚಿನ ಜಿಮ್‌ನಲ್ಲಿ ಒಬ್ಬನೇ ಚೆಂಡು ಎಸೆಯುತ್ತ, ಮನೆಗೆ ಬಂದರೆ ಡೆನೀಸ್, ನನ್ನ ಹೆಂಡತಿ, ಇವತ್ತಿನ ರೇಟ್ ಎಷ್ಟಪ್ಪಾ ಎನ್ನುವಳು. ಕರಾರು ಜುಲೈನಲ್ಲೇ ಆಗಿಹೋಗುತ್ತಿತ್ತು. ನನ್ನಂತೆ ಹನ್ನೊಂದು ಸೀಸನ್ ಆಡಿದವನಿಗೆ ಕನಿಷ್ಠ ಸಂಬಳವೇ ದೊಡ್ಡದು, ಆದರೆ ಒಂದೇ ವರ್ಷದ ಕರಾರಾದರೆ ತಂಡದ ಲೆಕ್ಕಕ್ಕೆ ಬೀಳುವುದು ಎರಡು ವರ್ಷ ಆಡಿದವನ ಸಂಬಳ ಮಾತ್ರ, ಮಿಕ್ಕಿದ್ದು ಲೀಗ್ ಕೊಡುತ್ತದೆ, ಹಳಬರು ದುಬಾರಿಯೆಂದು ಯಾರೂ ಬಿಟ್ಟುಬಿಡದಿರಲಿ ಎಂದು ಮಾಡಿದ ನಿಯಮ — ನಾನು ಎರಡು ವರ್ಷ ಬೇಕೆಂದೆ, ಮಗಳು ಮತ್ತೆ ಶಾಲೆ ಬದಲಿಸಬಾರದೆಂದು, ಎರಡು ವರ್ಷವೆಂದರೆ ಪೂರ್ತಿ ಸಂಬಳ ಅವರ ಲೆಕ್ಕಕ್ಕೇ, ಮ್ಯಾನೇಜರ್ ಮಾರ್ಸಿ ಪೆನ್ನಿನ ಮುಚ್ಚಳ ಹಾಕಿ ಎದ್ದಿದ್ದಳು. ಇವತ್ತು ಒಂದೇ ವರ್ಷ ಎಂದಿದ್ದೇನೆ. ಒಂದು ಎಂದರೆ ಈ ಸೀಸನ್ ಮಾತ್ರ, ಅದೂ ಸಾಕು, ಮಗಳ ಈ ವರ್ಷದ ಶಾಲೆ ಮುಗಿಯುವವರೆಗೆ.

ಎದುರಿಗೆ ಕಿಯಾನ್ ಪೆಟ್ವೇ ಇನ್ನೂ ಆಡುತ್ತಿದ್ದಾನೆ, ಇದೇ ಜಾಗಕ್ಕೆ ಬಂದವನು, ಆಡಿರುವುದು ಎರಡೇ ಸೀಸನ್, ಬರುತ್ತಲೇ ನನ್ನನ್ನು ಸರ್ ಅಂದ, ನಾನೇನು ನಿನ್ನ ಮೇಷ್ಟ್ರೇನೋ ಅಂದೆ, ಇಲ್ಲ ಸರ್, ಚಿಕ್ಕೋನಿದ್ದಾಗ ನಿಮ್ಮ ನಂಬರಿನ ಜೆರ್ಸಿ ತೊಳೆಯೋಕೂ ಬಿಡ್ತಿರ್ಲಿಲ್ಲ, ಅಮ್ಮ ಬೈತಿದ್ರು. ನಕ್ಕೆ. ಆಮೇಲೆ ಅವನು ಬುಟ್ಟಿಯತ್ತ ಹಾರಿದ, ತಡೆಯಲು ನಾನೂ ಹಾರಿದೆ, ನಾನು ಇಳಿದೆ, ಅವನಿನ್ನೂ ಇಳಿದಿರಲಿಲ್ಲ, ಅವನ ಶೂಗಳ ಅಡಿ ನನ್ನ ಎದೆಯ ಎದುರಿಗೆ, ಕಿತ್ತಳೆ ರಬ್ಬರು, ಎಡಗಾಲಿನದಕ್ಕೆ ಬೆಲೆಚೀಟಿ ಅಂಟಿಕೊಂಡೇ ಇದೆ — ಇರಲಿ, ಹಾರುವುದೊಂದೇ ಆಟವೇ, ಎಲ್ಲಿ ನಿಲ್ಲಬೇಕೆಂದು ನನಗೆ ಗೊತ್ತು. ಮಾರ್ಸಿ ಬರುತ್ತಿದ್ದಾಳೆ, ಕೈಯಲ್ಲಿ ಕಾಗದವಿಲ್ಲ, ಪಕ್ಕದಲ್ಲೇ ಕುಳಿತಳು, ಮಗಳು ಹೇಗಿದಾಳೆ ಅಂದಳು, ಚೆನ್ನಾಗಿದಾಳೆ ಅಂದೆ, ಆಮೇಲೆ ಅವಳು ನೆಲ ನೋಡುತ್ತ, ನೋಡು, ಬೇರೆಯವರಿಗಾದ್ರೆ ದುಡ್ಡಿಲ್ಲ ಅಂತಿದ್ದೆ, ನಿನಗೆ ಹಂಗನ್ನೋಕಾಗಲ್ಲ, ನನ್ನ ಲೆಕ್ಕದಲ್ಲಿ ನೀನೂ ಅವನೂ ಒಂದೇ, ಒಂದು ಸೆಂಟೂ ಹೆಚ್ಚುಕಮ್ಮಿ ಇಲ್ಲ, ಹಂಗಾಗಿ ಆಟ ಮಾತ್ರ ನೋಡ್ದೆ, ಜಾಗ ಅವನಿಗೆ. ಸರಿ ಅಂದೆ. ಸರಿಯೇ, ನಿಯಮ ತನ್ನ ಕೆಲಸ ಮಾಡಿದೆ, ದುಬಾರಿಯೆಂದು ಬಿಟ್ಟಿಲ್ಲ, ಡೆನೀಸ್‌ಗೆ ಹೇಳಬೇಕು, ಲಾಯ್ಡ್‌ಗೆ, ಮಗಳಿಗೆ ಏನೆಂದು — ನಾನು ಇಳಿದೆ, ಅವನಿನ್ನೂ ಇಳಿದಿರಲಿಲ್ಲ, ಕಿತ್ತಳೆ ರಬ್ಬರು, ಎದೆಯ ಎದುರಿಗೆ, ಬೆಲೆಚೀಟಿ