ತಾಮ್ರದ ತಂತಿ ಸುತ್ತಿದ ಆಲ

ಕಟಕ್ ಎಂದು ಮೇಲೆ ಸದ್ದಾಯಿತು. ಬೆಳಕಿಂಡಿಯಿಂದ ಬೇರಿನ ತುಂಡೊಂದು ಉದುರಿ, ಹೋಳಿಗೆಗೆಂದು ಸುಮಿತ್ರವ್ವ ಕಲಸಿಟ್ಟಿದ್ದ ಕಣಕದ ಮೇಲೆ ಬಿತ್ತು. ಎತ್ತಿ ನೋಡಿದಳು. ಬೆರಳುದ್ದದ ಎಳೆ ಬೇರು, ಕತ್ತರಿಸಿದ ತುದಿಯಲ್ಲಿ ಬಿಳಿ ಹಾಲು ಇನ್ನೂ ಜಿನುಗುತ್ತಿತ್ತು. ಕತ್ತೆತ್ತಿದರೆ ಬೆಳಕಿಂಡಿಯ ಚೌಕದಲ್ಲಿ ಎರಡು ಕೈ, ಒಂದು ಕತ್ತರಿ, ಬೇರು ಮೇಲಾಗಿ ಹಿಡಿದ ಒಂದು ಗೇಣುದ್ದದ ಆಲದ ಗಿಡ ಕಂಡವು. ಕೈಗಳು ಭಾವ ಕಲ್ಲಣ್ಣನವು. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಸುಮಿತ್ರವ್ವನಿಗೆ ಆಗ ಐದು ತಿಂಗಳು.

ಆ ಕಣಕವನ್ನು ಎಮ್ಮೆಗೆ ಹಾಕಲೂ ಅವಳಿಗೆ ಮನಸ್ಸಾಗಲಿಲ್ಲ. ಹಿತ್ತಲಿನ ಗಟಾರಕ್ಕೆ ಚೆಲ್ಲಿ, ಪರಾತವನ್ನು ಮೂರು ಸಲ ಬೂದಿ ಹಚ್ಚಿ ತಿಕ್ಕಿ, ಮತ್ತೆ ಹೊಸದಾಗಿ ಹಿಟ್ಟು ಕಲಸಿದಳು. ಇಷ್ಟು ದೊಡ್ಡ ಮಾಳಿಗೆಯಲ್ಲಿ ಕೂಡಲು ಅವನಿಗೆ ನನ್ನ ಒಲೆಯ ನೆತ್ತಿಯೇ ಬೇಕಾಯಿತೇ ಎಂದು ಅವಳ ಮನಸ್ಸು ಕುದಿಯಿತು. ಕುಂಡ ಇಟ್ಟುಕೊಂಡು ಕೆಲಸ ಮಾಡಲು ಆ ಮಾಳಿಗೆಯ ಮೇಲೆ ಬೆಳಕಿಂಡಿಯ ಕಟ್ಟೆ ಬಿಟ್ಟರೆ ಬೇರೆ ಎತ್ತರದ ಜಾಗವೇ ಇರಲಿಲ್ಲ. ಆದರೆ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಏನು ಮಾಡುತ್ತಿದ್ದೀರಿ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಕೇಳುವುದು ಹೇಗೆ? ಎಮರ್ಜೆನ್ಸಿ ಮುಗಿದ ಬೇಸಿಗೆಯಲ್ಲಿ ಈ ಮನೆಗೆ ಸೊಸೆಯಾಗಿ ಬಂದವಳು, ಆರು ವರ್ಷದಲ್ಲಿ ಗಂಡನ ಅಣ್ಣನೊಡನೆ ಒಂದು ಮಾತೂ ಆಡಿರಲಿಲ್ಲ. ಎದುರಿಗೆ ನಿಂತಿರಲಿಲ್ಲ. ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಯಾವ ಹೆಂಗಸೂ ಭಾವನ ಮುಂದೆ ನಿಲ್ಲುತ್ತಿರಲಿಲ್ಲ. ಕಲ್ಲಣ್ಣನಿಗೆ ಏನಾದರೂ ತಿಳಿಸಬೇಕಿದ್ದರೆ ಹಿತ್ತಲಲ್ಲಿ ನಿಂತು, "ನಳಾ ಬಂದಾವಂತ ಹೇಳ್ರಿ" ಎಂದು ಗೋಡೆಗೆ ಹೇಳುತ್ತಿದ್ದ. ಅವಳು ಒಳಗಿನಿಂದ ಬಳೆ ಸದ್ದು ಮಾಡಿ, ಕೇಳಿಸಿತೆಂದು ತಿಳಿಸುತ್ತಿದ್ದಳು. ಇಬ್ಬರ ನಡುವೆ ಇದ್ದ ಮಾತು ಇಷ್ಟೇ.

ಮನೆ ಪಾಲಾಗಿ ನಾಲ್ಕು ವರ್ಷವಾಗಿತ್ತು. ನಡುವೆ ಗೋಡೆ ಎದ್ದಿತ್ತು. ಹಿತ್ತಲು, ಮಾಳಿಗೆ, ನಿಚ್ಚಣಿಕೆ ಇಬ್ಬರಿಗೂ ಸೇರಿದ್ದವು. ಆ ಆಲ ಹುಟ್ಟಿದ್ದು ಸುಮಿತ್ರವ್ವನ ಅಡುಗೆಮನೆಯ ಹೊರಗೋಡೆಯ ಬಿರುಕಿನಲ್ಲಿ, ಅವಳು ಮದುವೆಯಾಗಿ ಬಂದ ವರ್ಷ. ಎರಡು ಎಲೆ ಇದ್ದಾಗ ಅವಳೇ ನೋಡಿದ್ದಳು. ಗೋಡೆ ಸೀಳುತ್ತದೆಂದು ಕಲ್ಲಣ್ಣ ಅದನ್ನು ಕಿತ್ತ. ಕಿತ್ತು ಬಿಸಾಡಿದ್ದರೆ ಅವಳ ತಕರಾರಿರಲಿಲ್ಲ. ದೇವರ ಮರವಾದ ಆಲವನ್ನು ಬಿಸಾಡಬಾರದೆಂದು ತಟ್ಟೆಯಂಥ ಮಣ್ಣಿನ ಕುಂಡದಲ್ಲಿ ನೆಟ್ಟ. ಆಮೇಲೆ ಅದಕ್ಕೆ ತಾಮ್ರದ ತಂತಿ ಸುತ್ತತೊಡಗಿದ. ಸುತ್ತಲು ಶುರು ಮಾಡಿದ ವರ್ಷ ಅವಳ ಮೊದಲ ಬಸಿರು ಹೋಯಿತು. ಹೋದ ವರ್ಷ ನಾಗರ ಅಮಾವಾಸ್ಯೆಗೆ ಅದರ ಸುಳಿ ಚಿವುಟಿದ, ಹದಿನೈದು ದಿನಕ್ಕೆ ಎರಡನೆಯದು ಹೋಯಿತು. ಕಲ್ಲಣ್ಣನಿಗೂ ಅವನ ಹೆಂಡತಿ ಚೌಡವ್ವನಿಗೂ ಮಕ್ಕಳಿರಲಿಲ್ಲ. ಆ ಗಿಡದಲ್ಲಿ ತನ್ನ ಬಸಿರಿಗೆ ಮಾಟ ಮಾಡಿದ್ದಾರೆಂಬ ಸಂಶಯವನ್ನು ಸುಮಿತ್ರವ್ವ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ಚೌಡವ್ವ ಬಸುರಿಗೆಂದು ಬಟ್ಟಲಲ್ಲಿ ತಂದುಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯನ್ನು ನಕ್ಕು ತೆಗೆದುಕೊಂಡು, ಅವಳು ಅತ್ತ ಹೋದಕೂಡಲೇ ಹಿತ್ತಲಲ್ಲಿ ಮಣ್ಣು ಮಾಡಿದ್ದಳು.

ಮಧ್ಯಾಹ್ನ ಗಂಡ ಗೋಪಣ್ಣ ಉಂಡು ದಿಂಬಿಗೆ ತಲೆಕೊಟ್ಟಾಗ ಕೇಳಿದಳು.

"ನಿಮ್ಮಣ್ಣ ಮಾಳಗಿ ಮ್ಯಾಲೆ ಏನ ಮಾಡಾಕತ್ತಾರ?"

"ಗಿಡಾ ಮಾಡಾಕತ್ತಾನ. ಅದಕ್ಕೇನೋ ಬೋನಸಾಯಿ ಅಂತಾರಂತ. ಧಾರವಾಡದಾಗ ಹೂವಿನ ಪ್ರದರ್ಶನ ನೋಡಿ ಬಂದಾಗಿಂದ ಆ ಹುಚ್ಚು ಹಿಡದೈತಿ ಅಂವಗ. ಜಪಾನದವ್ರು ಮಾಡ್ತಾರಂತ."

"ಜಪಾನದವ್ರೂ ಅಮಾಸಿ ನೋಡೇ ಮಾಡ್ತಾರೇನು?"

ಗೋಪಣ್ಣ ನಕ್ಕ. "ಅಮಾಸಿಗೆ ಮಗ್ಗಕ್ಕ ಸೂಟಿ. ಉಳದ ದಿನಾ ಅಂವಗ ಮಗ್ಗದ ಕುಣಿಬಿಟ್ಟು ಏಳಾಕ ಪುರಸೊತ್ತೆಲ್ಲೈತಿ?"

ಮಾತು ಖರೆ. ಅಮಾವಾಸ್ಯೆಗೆ ಇಡೀ ಓಣಿಯ ಮಗ್ಗಗಳು ನಿಲ್ಲುತ್ತವೆ. ನಿಂತದ್ದಕ್ಕೇ ಗೋಪಣ್ಣನೂ ಹೀಗೆ ಹಾಡಹಗಲೇ ಕಾಲು ಚಾಚಿದ್ದ. ಸುಮಿತ್ರವ್ವ ನೇಕಾರರ ಮನೆಯಲ್ಲೇ ಹುಟ್ಟಿದವಳು, ಅವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ಉತ್ತರ ಬಹಳ ಸಲೀಸಾಗಿ ಬಂದಿತೆಂದು ಅವಳಿಗನ್ನಿಸಿತು.

"ಬೇರ ಯಾಕ ಕತ್ತರಸ್ತಾರ?"

"ಗಿಡ್ಡ ಇರ್ಲಿ ಅಂತ."

"ಅಂದ್ರ ಬೆಳೀಬಾರ್ದು ಅಂತ."

"ಹೂಂ, ಬೆಳೀಬಾರ್ದು ಅಂತ," ಎಂದು ಗೋಪಣ್ಣ ಮಗ್ಗಲು ಬದಲಿಸಿ ಗೊರಕೆ ಹೊಡೆದ. ಹೆಂಡತಿಯ ಮುಖ ನೋಡಿದ್ದರೆ ಆ ಪುಣ್ಯಾತ್ಮನಿಗೆ ನಿದ್ದೆ ಬರುತ್ತಿರಲಿಲ್ಲ.

ಮರುದಿನ ಹನಮಂತವ್ವ ಬಂದಳು. ಎರಡೂ ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವ ಮುದುಕಿ. ಕೈ ರಾಟಿಯ ಮೇಲಿದ್ದರೆ ಬಾಯಿ ಓಣಿಯ ಮೇಲೆ. ಸುಮಿತ್ರವ್ವ ತಡೆಯಲಾರದೆ ಎಲ್ಲವನ್ನೂ ಅವಳ ಮುಂದೆ ಹಾಕಿದಳು.

"ತಂತಿ ಎಂಥಾದ್ದವಾ?"

"ತಾಮ್ರದ್ದು. ಗದಗಿನಾಗ ಮೋಟಾರ ಸುತ್ತತಾನಲ್ಲ ನಜೀರಸಾಬ, ಅವನ ಅಂಗಡ್ಯಾಗಿಂದ ತರ್ತಾರ. ತಂದು ಮದ್ಲ ಒಲ್ಯಾಗ ಹಾಕಿ ಕೆಂಪಗ ಸುಡ್ತಾರ."

ಹನಮಂತವ್ವನ ರಾಟಿ ನಿಂತಿತು. "ಸುಡ್ತಾನ?"

"ಚೌಡವ್ವಕ್ಕಾರ ಒಲ್ಯಾಗನ. ನಾನ ಕಣ್ಣಾರೆ ಕಂಡೇನಿ."

ಸುಟ್ಟರೆ ತಾಮ್ರ ಮೆತ್ತಗಾಗುತ್ತದೆ, ಎಳೆ ಟೊಂಗೆಯ ಸುತ್ತ ಸುಲಭವಾಗಿ ಬಾಗುತ್ತದೆ. ನಜೀರಸಾಬನೇ ಕಲ್ಲಣ್ಣನಿಗೆ ಹೇಳಿಕೊಟ್ಟ ಉಪಾಯ ಅದು. ಈ ಇಬ್ಬರಿಗೂ ಅದು ತಿಳಿದಿರಲಿಲ್ಲ. ತಿಳಿದಿದ್ದರೂ ಅಷ್ಟಕ್ಕೆ ಬಿಟ್ಟುಕೊಡುವ ಪೈಕಿ ಹನಮಂತವ್ವ ಅಲ್ಲ. ದನಿ ತಗ್ಗಿಸಿ ಹೇಳಿದಳು, "ನಾ ಯಾರ ಹೆಸರೂ ಹೇಳಾಂಗಿಲ್ಲವ್ವಾ. ಆದ್ರ ಯಾರ ಮ್ಯಾಲೆ ಮಾಡ್ಯಾರೋ ಅವರ ಕೈಲೇ ಅದನ್ನ ಬಿಚ್ಚಬೇಕು. ಬ್ಯಾರೆದವ್ರು ಮುಟ್ಟಿದ್ರ ಇನ್ನಷ್ಟು ಬಿಗೀತೈತಿ."

ಮೂರನೆಯ ದಿನ ಅನುಕೂಲ ತಾನಾಗಿ ಕೂಡಿಬಂತು. ಚೌಡವ್ವ ತಂಗಿಯ ಮಗಳ ಹೆಸರಿಡುವ ಕಾರ್ಯಕ್ಕೆ ಡೋಣಿ ಊರಿಗೆ ಹೋಗಿದ್ದಳು. ಗೋಪಣ್ಣ ನೂಲು ತರಲು ಗದಗಿಗೆ ಹೋಗಿದ್ದ. ಗೋಡೆಯಾಚೆ ಕಲ್ಲಣ್ಣನ ಕುಣಿಮಗ್ಗ ಒಂದೇ ಸಮನೆ ಖಟಪಟ ಅನ್ನುತ್ತಿತ್ತು. ಆ ಸದ್ದು ಇರುವವರೆಗೆ ಅವನ ಕಾಲು ಮಗ್ಗದಡಿ ನೆಲದಲ್ಲಿ ತೋಡಿದ ಕುಣಿಯೊಳಗೆ. ಸುಮಿತ್ರವ್ವ ಸೀರೆಯನ್ನು ಎತ್ತಿ ಕಟ್ಟಿ, ಒಂದು ಕೈ ಹೊಟ್ಟೆಗೆ, ಒಂದು ಕೈ ನಿಚ್ಚಣಿಕೆಗೆ ಕೊಟ್ಟು ಹತ್ತಿದಳು. ಭಾರವಾದದ್ದನ್ನು ಎತ್ತಬೇಡ, ಮೆಟ್ಟಿಲು ಹತ್ತಬೇಡ ಎಂದು ಆಸ್ಪತ್ರೆಯ ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಅದು ಅವಳಿಗೆ ನೆನಪಿತ್ತು. ಇದು ಅದಕ್ಕಿಂತ ಮುಖ್ಯ ಎಂದುಕೊಂಡಳು.

ಗಿಡ ಕಲ್ಲಣ್ಣನ ಮನೆಯ ನೆತ್ತಿಗೆ ಮಾಳಿಗೆಯ ಮೂಲೆಯಲ್ಲಿತ್ತು. ತಂತಿ ಸುತ್ತಿದ ಮೇಲೆ ಹತ್ತಿರದಿಂದ ಅವಳು ಅದನ್ನು ನೋಡಿದ್ದು ಅದೇ ಮೊದಲು. ಹೆಬ್ಬೆರಳು ದಪ್ಪದ ಕಾಂಡ, ಎರಡು ಕಡೆಗೆ ಚಾಚಿ ಬಾಗಿದ ಎರಡು ಟೊಂಗೆ, ಉಗುರಿನಷ್ಟು ಎಲೆ. ಕುಂಕುಮವಿಲ್ಲ, ನಿಂಬೆಹಣ್ಣಿಲ್ಲ, ಎಲ್ಲೂ ಸೂಜಿ ಚುಚ್ಚಿಲ್ಲ. ಇದರಿಂದ ಅವಳ ಸಂಶಯವೇನೂ ಇಳಿಯಲಿಲ್ಲ. ತಿಳಿದವರು ಮಾಡಿದ್ದು ಹೀಗೇ, ಯಾರಿಗೂ ಗೊತ್ತಾಗದ ಹಾಗೆ ಇರುತ್ತದೆ ಎಂದುಕೊಂಡಳು. ಕಾಂಡದ ಬುಡದಿಂದ ಟೊಂಗೆಯ ತುದಿಯವರೆಗೂ ತಂತಿ ಸುತ್ತಿತ್ತು. ತುದಿ ಹಿಡಿದು ಬಿಚ್ಚತೊಡಗಿದಳು.

ಸುತ್ತುವಾಗ ಮೆತ್ತಗಿದ್ದ ತಾಮ್ರ ಈಗ ಗಡುಸಾಗಿತ್ತು. ಎರಡು ಸುತ್ತು ಬಂತು, ಮೂರನೆಯದು ಬರಲಿಲ್ಲ. ತೊಗಟೆ ಬೆಳೆದು ತಂತಿಯನ್ನು ಒಳಗೆ ಹಿಡಿದುಕೊಂಡಿತ್ತು. ಕುಂಡವನ್ನು ಮಂಡಿಯಿಂದ ಒತ್ತಿ ಹಿಡಿದು ಎಳೆದಳು. ತಂತಿಯ ಸಂಗಡ ತೊಗಟೆಯೂ ಸುಲಿದು ಬಂತು, ಹಾಲು ಒಸರಿ ಬೆರಳಿಗೆಲ್ಲ ಅಂಟಿತು. ಇನ್ನೊಮ್ಮೆ ಎಳೆದಾಗ ಎಡಗಡೆಯ ಟೊಂಗೆ ಬುಡದಲ್ಲೇ ಸಿಗಿದು ಜೋತುಬಿತ್ತು. ಆಗ ಅವಳಿಗೆ ಅರಿವಾಯಿತು, ಮಗ್ಗದ ಸದ್ದು ನಿಂತಿದೆ.

ಅವಳು ಒಂದು ಲೆಕ್ಕ ಮರೆತಿದ್ದಳು. ಮಣ್ಣಿನ ಮಾಳಿಗೆ ಅದು. ಮೇಲೆ ಹೆಜ್ಜೆ ಇಟ್ಟಲ್ಲೆಲ್ಲ ಕೆಳಗೆ ಕಲ್ಲಣ್ಣನ ಹಾಸಿನ ಮೇಲೆ, ಬಿಗಿದು ಕಟ್ಟಿದ ರೇಷ್ಮೆಯ ಎಳೆಗಳ ಮೇಲೆ ಮಣ್ಣು ಉದುರುತ್ತಿತ್ತು. ಹಾಸು ಹಾಳಾಯಿತೆಂದು ಅವನು ಬೈದುಕೊಂಡು ಎದ್ದಿದ್ದ.

"ಹಚ್ಚಾ! ಹಾಳ ಮಂಗ್ಯಾನ ಕಾಟಾ," ಎನ್ನುತ್ತ ಅವನು ಕೈಯಲ್ಲಿ ಕೋಲು ಹಿಡಿದೇ ನಿಚ್ಚಣಿಕೆ ಹತ್ತಿ ಬಂದ. ಮಾಳಿಗೆಯ ಅಂಚಿನ ಮೇಲೆ ಅವನ ತಲೆ ಕಂಡಿತು. ಸುಮಿತ್ರವ್ವ ಸೆರಗನ್ನು ಮುಖದ ಮೇಲೆಳೆದುಕೊಂಡಳು. ಕಲ್ಲಣ್ಣ ಮಾಳಿಗೆಗೆ ಕಾಲಿಟ್ಟು ಅಂಚಿನಲ್ಲೇ ನಿಂತ. ಅವನ ಕಣ್ಣು ಮೊದಲು ಹೋದದ್ದು ಜೋತುಬಿದ್ದ ಟೊಂಗೆಗೆ. ಅದೊಂದು ಬಾಗಿಗೆ ಅವನು ಎರಡು ವರ್ಷ ಕಾದಿದ್ದ.

ಇಳಿದುಹೋಗಬೇಕಿತ್ತು, ಇಳಿಯಲಿಲ್ಲ. ಮುಖವನ್ನು ಹಿತ್ತಲಿನ ಬೇವಿನ ಮರದ ಕಡೆಗೆ ತಿರುಗಿಸಿ, ಸಿಟ್ಟು ನುಂಗಿಕೊಂಡು ಹೇಳಿದ, "ಬಿಚ್ಚಬಾರ್ದು ಅಂತ ಹೇಳ್ರಿ. ತಂತಿ ತುಂಡ ಮಾಡಿ ತಗೀಬೇಕು. ಬಿಚ್ಚಿದ್ರ ತೊಗಟಿ ಕಿತ್ತ ಬರತೈತಿ."

ಬಳೆ ಸದ್ದು ಮಾಡುವುದು ಸುಮಿತ್ರವ್ವನಿಂದ ಆಗಲಿಲ್ಲ. ಅವಳು ಮಾತೇ ಆಡಿಬಿಟ್ಟಳು.

"ನನ್ನ ಎರಡ ಕೂಸ ಹೋದ್ವು. ಇದೊಂದನ್ನ ಬಿಟ್ಟ ಬಿಡ್ರಿ. ನಿಮ್ಮ ಕಾಲ ಬೀಳತೇನಿ."

ಕಲ್ಲಣ್ಣನಿಗೆ ತಿಳಿಯಲಿಲ್ಲ. ಗಿಡ ನೋಡಿದ, ಹಾಲು ಮೆತ್ತಿದ ಅವಳ ಬೆರಳು ನೋಡಿದ, ನೆಲದ ಮೇಲೆ ಬಿದ್ದಿದ್ದ ತಂತಿಯ ಸುರುಳಿ ನೋಡಿದ. ತಿಳಿದಾಗ ಅವನ ಮುಖದ ರಕ್ತವೇ ಇಂಗಿತು. ಎರಡನೆಯ ಬಸಿರು ಹೋಗುವಾಗ ಅವಳನ್ನು ಆಸ್ಪತ್ರೆಗೆ ಒಯ್ಯಲೆಂದು ಸುರಿಯುವ ಮಳೆಯಲ್ಲಿ ಟಾಂಗಾ ಹುಡುಕಿಕೊಂಡು ಸ್ಟೇಶನ್ನಿನವರೆಗೆ ಓಡಿದವನು ಅವನು.

"ನಾನ?" ಎಂದು ಬೇವಿನ ಮರವನ್ನೇ ಕೇಳಿದ. "ನಾ ಮಾಡೇನಿ ಅಂತಾರ?"

ಆಮೇಲೆ ಅವನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ತಂತಿ ಕತ್ತರಿಸುವ ಇಕ್ಕಳ ತೆಗೆದು ನೆಲದ ಮೇಲಿಟ್ಟು, ಕೋಲಿನ ತುದಿಯಿಂದ ಅವಳ ಕಡೆಗೆ ಸರಿಸಿದ. "ಅವರ ಕೈಲೇ ಆಗ್ಲಿ," ಎಂದ. ಆ ದನಿಯಲ್ಲಿ ನೋವಿತ್ತೋ ಸಿಟ್ಟಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಇದರಲ್ಲೂ ಏನಾದರೂ ಇದ್ದೀತೇ ಎಂದು ಇಕ್ಕಳವನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಎತ್ತಿಕೊಂಡಳು.

ಒಂದೊಂದೇ ಸುತ್ತು ಕತ್ತರಿಸಿದಳು. ಕತ್ತರಿಸಿದ ತಂತಿ ತಾನಾಗಿ ಸಡಿಲಾಗಿ ಬೀಳುತ್ತಿತ್ತು, ತೊಗಟೆಗೆ ಏನೂ ಆಗುತ್ತಿರಲಿಲ್ಲ. ಕಲ್ಲಣ್ಣ ತಿರುಗಿ ನೋಡಲಿಲ್ಲ. ಕೊನೆಯ ತುಂಡು ಬಿದ್ದ ಮೇಲೆ ಅವಳು ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ. ಬಿಸಿಲಿತ್ತು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು. ನಿಚ್ಚಣಿಕೆಯ ತಲೆ ಹಿಡಿದು ಕೆಳಗೆ ನೋಡಿದಳು. ಹತ್ತುವಾಗ ಇಲ್ಲದ ಆಳ ಈಗ ಅಲ್ಲಿತ್ತು.

ಅವಳು ಹಿಂಜರಿದದ್ದನ್ನು ಕಲ್ಲಣ್ಣ ಓರೆಗಣ್ಣಿನಲ್ಲೇ ಕಂಡಿರಬೇಕು. ಮೊದಲು ತಾನು ಇಳಿದ. ಇಳಿದು ನಿಚ್ಚಣಿಕೆಯ ಎರಡೂ ಕಾಲನ್ನು ಕೈಯಲ್ಲಿ ಭದ್ರವಾಗಿ ಹಿಡಿದು, ಮುಖವನ್ನು ಗೋಡೆಗೆ ತಿರುಗಿಸಿದ.

"ನಾ ಹಿಡದೇನಿ. ಇಳೀರಿ ಅಂತ ಹೇಳ್ರಿ."

ಸುಮಿತ್ರವ್ವ ಮೇಲೆ ನಿಂತು ಅವನ ನೆತ್ತಿಯನ್ನು ನೋಡಿದಳು. ಅವನು ಅವಳಂದುಕೊಂಡಂಥವನೇ ಆಗಿದ್ದರೆ, ಇದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಸಿಗುವುದಿಲ್ಲ. ಕೈ ಒಂದಿಷ್ಟು ಸಡಿಲ ಬಿಟ್ಟರೆ ಸಾಕು. ಅಂಥವನಲ್ಲದಿದ್ದರೆ, ಆಡಬಾರದ್ದನ್ನು ಅನ್ನಿಸಿಕೊಂಡು ಸಿಟ್ಟಿನಲ್ಲಿರುವ ಗಂಡಸಿನ ಕೈಯಲ್ಲಿ ನಿಚ್ಚಣಿಕೆ ಇದೆ. ಹೊಟ್ಟೆಯೊಳಗೆ ಕೂಸು ಒಮ್ಮೆ ಮಿಸುಕಿತು. ಕೂಗಿದರೆ ಓಣಿ ಕೂಡುತ್ತದೆ. ಕೂಡಿದ ಓಣಿಗೆ ಏನು ಹೇಳುವುದು? ಅವಳು ಬೆನ್ನು ತಿರುಗಿಸಿ ಒಂದು ಕಾಲು ಕೆಳಗಿಟ್ಟಳು.

ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲು ಚಾಚಿದಾಗ ಕೆಳಗಿನಿಂದ ದನಿ ಬಂತು.

"ಆ ಮೆಟ್ಲ ಸಡ್ಲ ಆಗೈತಿ. ಅದನ್ನ ಬಿಟ್ಟು ಕೆಳಗಿಂದಕ್ಕ ಕಾಲ ಹಾಕವಾ."

ಗೋಡೆಗೆ ಹೇಳಿದ್ದಲ್ಲ ಅದು. ಅವಳಿಗೇ ಹೇಳಿದ್ದು. ಬಗ್ಗಿ ನೋಡಿದರೆ ಅವನು ಮುಖ ಎತ್ತಿ ಅವಳ ಪಾದವನ್ನೇ ನೋಡುತ್ತಿದ್ದ. ಹತ್ತುವಾಗ ಅದೇ ಮೆಟ್ಟಿಲ ಮೇಲೆ ಕಾಲಿಟ್ಟು ಬಂದಿದ್ದಳು, ಆಗ ಏನೂ ಆಗಿರಲಿಲ್ಲ. ಅದನ್ನು ಬಿಟ್ಟರೆ ಮುಂದಿನದು ಎಲ್ಲಿದೆಯೋ, ಹೊಟ್ಟೆ ಅಡ್ಡ ಬಂದು ಕಾಣುತ್ತಿರಲಿಲ್ಲ. ಅವಳ ಕಾಲು ಗಾಳಿಯಲ್ಲಿ ನಿಂತಿತು.

"ನಾ ನೋಡಾಕತ್ತೇನಿ. ಇನ್ನ ಸ್ವಲ್ಪ ಕೆಳಗ. ಇನ್ನ ಸ್ವಲ್ಪ. ಹಾಂ."

ಹೆಬ್ಬೆರಳಿಗೆ ಬಿದಿರು ತಾಗಿತು. ಉಳಿದ ಮೆಟ್ಟಿಲುಗಳನ್ನು ಹೇಗೆ ಇಳಿದಳೋ ಅವಳಿಗೇ ತಿಳಿಯದು. ನೆಲ ಮುಟ್ಟಿದಾಗ ಕಲ್ಲಣ್ಣನ ಮುಖ ಮತ್ತೆ ಗೋಡೆಯ ಕಡೆಗಿತ್ತು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಕೊಡದಿಂದ ನೀರು ಮೊಗೆದು ಕುಡಿದಳು. ಗೋಡೆಗೆ ಒರಗಿ ಕುಳಿತು, ಮಗ್ಗದ ಸದ್ದು ಶುರುವಾದೀತೆಂದು ಕಿವಿಗೊಟ್ಟಳು. ಬಹಳ ಹೊತ್ತಾದರೂ ಶುರುವಾಗಲಿಲ್ಲ. ಎದ್ದು ಹಿತ್ತಲ ಬಾಗಿಲ ಸಂದಿಯಿಂದ ನೋಡಿದಳು. ಬಿಸಿಲಲ್ಲಿ ಕಲ್ಲಣ್ಣ ಇನ್ನೂ ಅಲ್ಲೇ ಇದ್ದ, ಯಾರೂ ಇಲ್ಲದ ನಿಚ್ಚಣಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು.