ಉಸಿರಿನ ದಿನ

“ಟೋಪಿ ಹಾಕ್ಕೊಳೇ ಅಂದ್ರೆ ಕೈಯಲ್ಲಿ ಹಿಡ್ಕೊಂಡು ಏನೇ ನೋಡ್ತೀಯ? ನಿನ್ನ ಗಂಡ ಕೊಡಿಸಿದ್ದು ಅಂದ್ಕೊಂಡ್ಯಾ? ಫೋಟೋ ಆದ್ಮೇಲೆ ವಾಪಸ್ ಕೊಡ್ಬೇಕು. ಹೇನು ಗೀನು ಬಿಟ್ಟೀಯ ಮತ್ತೆ!”

ಮ್ಯಾನೇಜರು ಹೀಗೆ ಅಂದದ್ದು ನನ್ನ ಅತ್ತಿಗೆಗೆ. ಚಾರಣ ಕಂಪನಿಯ ಅಂಗಳದಲ್ಲಿ ನಾವು ಹದಿನಾಲ್ಕು ಜನ ಸಾಲಾಗಿ ನಿಂತಿದ್ದೆವು. ಬೆಳಗಿನ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು, ನಮ್ಮ ತಲೆಯ ಮೇಲೆ ಕಿವಿ ಮುಚ್ಚುವ ಕೆಂಪು ಉಣ್ಣೆಯ ಟೋಪಿ. ಕಂಪನಿಯ ಪುಸ್ತಿಕೆಯಲ್ಲಿ ಈ ಫೋಟೋದ ಕೆಳಗೆ ‘ಬೆಟ್ಟದ ಮಕ್ಕಳು’ ಎಂದು ಅಚ್ಚಾಗುತ್ತದೆ. ನಮ್ಮಲ್ಲಿ ಒಬ್ಬರೂ ಬೆಟ್ಟದಲ್ಲಿ ಹುಟ್ಟಿದವರಲ್ಲ. ನಾವು ಕೆಳಗಿನ ಹೊಳೆದಂಡೆಯವರು, ತಲೆಮಾರುಗಳಿಂದ ಮರಳು ಹೊತ್ತವರು. ಹೊಳೆಗೆ ಯಂತ್ರ ಇಳಿದ ಮೇಲೆ ನಮ್ಮ ಬೆನ್ನು ಖಾಲಿಯಾಯಿತು, ಹಿಂದೆಯೇ ಹೊಟ್ಟೆಯೂ. ಖಾಲಿ ಬೆನ್ನುಗಳು ಅಗ್ಗಕ್ಕೆ ಸಿಗುತ್ತವೆ ಎಂದು ಕಂಪನಿಗೆ ಯಾರೋ ಹೇಳಿರಬೇಕು.

ಅತ್ತಿಗೆ ಟೋಪಿ ಎಳೆದುಕೊಂಡಳು. “ಹಾಕ್ಕೊಂಡೆ ಕಣಪ್ಪ. ಇನ್ಮೇಲೆ ನಾನೂ ಬೆಟ್ಟದ ಮಗಳು. ನಮ್ಮವ್ವ ಕೇಳಿದ್ರೆ ಎದೆ ಬಡ್ಕೊಂತಾಳೆ, ಯಾವಾಗ ಅಲ್ಲಿ ಹೋಗಿ ಹೆತ್ತೆ ಅಂತ.”

ಸಾಲಿನಲ್ಲಿ ನಗು ಎದ್ದಿತು. ಮ್ಯಾನೇಜರು ಮಾತ್ರ ನಗಲಿಲ್ಲ. ನಕ್ಕರೆ ಅವನ ಸಂಬಳದಲ್ಲಿ ಕಡಿತವಾಗುತ್ತದೋ ಏನೋ.

ಫೋಟೋ ಮುಗಿದು ತೂಕ ಶುರುವಾಯಿತು. ಗುಡಾರ, ಒಲೆ, ಗ್ಯಾಸು, ಅತಿಥಿಗಳ ಮಡಚುವ ಕುರ್ಚಿ ಎಲ್ಲವನ್ನೂ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ, ತಲೆಗೆ ಇಪ್ಪತ್ತೈದು ಕಿಲೋದಂತೆ ಹಂಚಿದರು. ನಮ್ಮ ಕಂಬಳಿ, ನಮ್ಮ ಅಕ್ಕಿ, ನಮ್ಮ ಪಾತ್ರೆ ತೂಕಕ್ಕೆ ಬರುವುದಿಲ್ಲ. ಅವು ‘ಸ್ವಂತದ್ದು’. ಸ್ವಂತದ್ದಕ್ಕೆ ಭಾರವಿಲ್ಲ ಎಂಬುದು ಕಂಪನಿಯ ಲೆಕ್ಕ, ಹೊತ್ತವನ ಕುತ್ತಿಗೆಯನ್ನು ಯಾರೂ ಕೇಳುವುದಿಲ್ಲ.

ಅಷ್ಟರಲ್ಲಿ ಒಳಗಿಂದ ನನಗೆ ಕರೆ ಬಂತು. ಆ ಹಾದಿಯಲ್ಲಿ ನಾಲ್ಕು ವರ್ಷ ಹತ್ತಿಳಿದವನು ನಾನೇ. ನೀರು ಎಲ್ಲಿ, ಹಿಮ ಎಲ್ಲಿ ಕುಸಿಯುತ್ತದೆ ಎಂದು ನಕ್ಷೆಯಲ್ಲಿ ತೋರಿಸಬೇಕಿತ್ತು.

ಕೋಣೆ ತಣ್ಣಗಿತ್ತು. ಉದ್ದನೆಯ ಮೇಜಿನ ಸುತ್ತ ಒಂಬತ್ತು ಅತಿಥಿಗಳು ಕೂತಿದ್ದರು. ಗೋಡೆಯ ಬಿಳಿ ಹಲಗೆಯ ಮೇಲೆ ಕಂಪನಿಯ ಧಣಿ ಎಂಟು ದಿನದ ಯೋಜನೆ ಬರೆದಿದ್ದ. ಮೊದಲ ದಿನ ಇಲ್ಲಿಂದ ಇಲ್ಲಿಗೆ, ಎರಡನೆಯ ದಿನ ಇಲ್ಲಿಂದ ಅಲ್ಲಿಗೆ. ಒಬ್ಬೊಬ್ಬರ ಬೆರಳಿಗೂ ಪುಟ್ಟ ಕ್ಲಿಪ್ಪು ಸಿಕ್ಕಿಸಿ, ರಕ್ತದಲ್ಲಿ ಗಾಳಿ ಎಷ್ಟಿದೆ ಎಂದು ನೋಡಿ ಬರೆದುಕೊಳ್ಳುತ್ತಿದ್ದರು. ಆ ಕ್ಲಿಪ್ಪನ್ನು ನಾಲ್ಕು ಸಲ ಮೇಲಕ್ಕೆ ಹೊತ್ತೊಯ್ದವನು ನಾನು. ನನ್ನ ಬೆರಳಿಗೆ ಅದು ಒಮ್ಮೆಯೂ ಬಿದ್ದಿಲ್ಲ.

“ನಾಲ್ಕನೇ ದಿನ ಪೂರ್ತಿ ವಿಶ್ರಾಂತಿ,” ಧಣಿ ಅತಿಥಿಗಳಿಗೆ ಹೇಳುತ್ತಿದ್ದ. ಒಳಗೆ ಅವನ ದನಿ ಬೆಣ್ಣೆ, ಅಂಗಳಕ್ಕೆ ಬಂದರೆ ಬೇರೆ. “ಆ ಎತ್ತರದಲ್ಲಿ ದೇಹಕ್ಕೆ ಒಂದು ದಿನ ಬೇಕೇ ಬೇಕು. ಹಟ ಮಾಡಿ ಮೇಲೆ ಹೋದ್ರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮಲಗಿ, ಓದಿ, ಫೋಟೋ ತೆಗೀರಿ. ಮಾರನೇ ದಿನ ನೀವು ಮೇಲಿನ ಶಿಬಿರ ಮುಟ್ಟೋ ಹೊತ್ತಿಗೆ ಗುಡಾರ ಎದ್ದಿರುತ್ತೆ, ಚಹಾ ಬಿಸಿಯಾಗಿರುತ್ತೆ.”

ಗುಡಾರ ಹೇಗೆ ಏಳುತ್ತದೆ ಎಂದು ಯಾರೂ ಕೇಳಲಿಲ್ಲ. ನಾಲ್ಕನೆಯ ದಿನ ಅವರು ಮಲಗಿರುವಾಗ ನಾವು ಹೊರೆ ಹೊತ್ತು ಮೇಲಕ್ಕೆ ಹೋಗಿ ಅದನ್ನು ಎಬ್ಬಿಸುತ್ತೇವೆ. ಆ ದಿನವನ್ನು ನಾವು ‘ಉಸಿರಿನ ದಿನ’ ಎನ್ನುತ್ತೇವೆ. ಹೆಸರು ನಮ್ಮದು, ದಿನ ಅವರದು. ಹೋದ ವರ್ಷ ಆ ದಿನವೇ ನನ್ನ ಅಣ್ಣ ಮೇಲಿನ ಶಿಬಿರದಲ್ಲಿ ಹೊರೆ ಇಳಿಸಿ, ಅದಕ್ಕೇ ಒರಗಿ ಕೂತ. ಅವನ ಎದೆಯೊಳಗೆ ಎಸರು ಕುದಿಯುವ ಸದ್ದು ಬರುತ್ತಿತ್ತು. ಸಂಜೆಯೊಳಗೆ ಆ ಸದ್ದೂ ನಿಂತಿತು. ಕುಡಿದಿದ್ದ ಎಂದು ಕಂಪನಿ ಬರೆಯಿತು. ಅಣ್ಣ ಬೀಡಿ ಕೂಡ ಸೇದಿದವನಲ್ಲ. ಪರಿಹಾರ ಕೇಳಿದ ಅತ್ತಿಗೆಗೆ ಗಂಡನ ಜಾಗದಲ್ಲಿ ಹೊರೆ ಕೊಟ್ಟರು.

ನಕ್ಷೆಯ ಮೇಲೆ ನೀರಿನ ಜಾಗಗಳಿಗೆ ಬೆರಳಿಟ್ಟೆ. ಕೆಲಸ ಮುಗಿಯಿತು, ಹೋಗು ಎಂದು ಧಣಿ ಕಣ್ಣಲ್ಲೇ ಹೇಳಿದ. ನಾನು ಹೋಗಲಿಲ್ಲ.

“ಧಣಿ, ಒಂದು ಮಾತು. ನಾಲ್ಕನೇ ದಿನ ನಾವೂ ನಿಲ್ತೀವಿ. ಐದನೇ ದಿನ ಮೇಲೆ ಹೋಗಿ ಗುಡಾರ ಹಾಕ್ತೀವಿ. ಇವ್ರು ಆರನೇ ದಿನ ಬರ್ಲಿ. ಈ ಸಲ ಹೊಸಬರು ಆರು ಜನ ಇದಾರೆ. ಒಬ್ರೂ ಎತ್ತರ ಕಂಡವ್ರಲ್ಲ.”

ಅತಿಥಿಗಳಲ್ಲಿ ಒಬ್ಬ, ಕನ್ನಡಕದವನು, ಮೊಬೈಲು ತೆಗೆದು ದಿನ ಎಣಿಸಿದ. “ಹಾಗಾದ್ರೆ ಒಂಬತ್ತು ದಿನ ಆಗುತ್ತಲ್ಲ? ನನಗೆ ಸೋಮವಾರ ಆಫೀಸು. ಇವರು ಇಲ್ಲಿಯವರೇ ಅಲ್ವಾ? ಇವರಿಗೂ ಹಾಗೆಲ್ಲ ಆಗುತ್ತಾ?”

“ಏನೂ ಆಗಲ್ಲ ಸರ್,” ಧಣಿ ನಕ್ಕ. “ಹುಟ್ಟಿದ್ದೇ ಅಲ್ಲಿ. ಇವರ ಶ್ವಾಸಕೋಶವೇ ಬೇರೆ.” ನನ್ನ ಹೆಗಲ ಮೇಲೆ ಕೈ ಹಾಕಿ ಬಾಗಿಲ ಆಚೆ ತಂದ. ಬಾಗಿಲು ಮುಚ್ಚಿಕೊಂಡಿತು. ಹೆಗಲ ಮೇಲಿದ್ದ ಕೈ ಕಾಲರಿಗೆ ಬಂತು.

“ಸೂಳೆಮಗನೇ, ಅವರ ಮುಂದೆ ಬಾಯಿ ಬಿಡ್ತೀಯಾ? ಗೇಟಿನ ಹತ್ರ ಅರವತ್ತು ಜನ ಕೂತವ್ರೆ, ನೋಡ್ಕೊಂಡು ಬಾ. ಉಸಿರಿನ ದಿನ ಅಂತೆ! ನಿಮ್ಮ ಕೇರೀಲಿ ವರ್ಷ ಪೂರ್ತಿ ಉಸಿರಾಡ್ಕೊಂಡು ಕೂತಿರಿ, ಯಾರು ಬೇಡ ಅಂದ್ರು? ಹೋಗು, ಕಾಗದ ಓದಿ ಹೆಬ್ಬೆಟ್ಟು ಹಾಕ್ಸು. ಹತ್ತಕ್ಕೆ ಬಸ್ಸು.”

ಕಾಗದ ಓದುವುದು ನನ್ನ ಕೆಲಸ. ಹದಿನಾಲ್ಕು ಜನರಲ್ಲಿ ಏಳನೆಯ ತರಗತಿ ಮುಟ್ಟಿದವನು ನಾನೊಬ್ಬನೇ. ಪ್ರತಿ ಸಲ ಹೊರಡುವ ಮೊದಲು ಕರಾರು ಪತ್ರವನ್ನು ನಾನು ಗಟ್ಟಿಯಾಗಿ ಓದುತ್ತೇನೆ, ಉಳಿದವರು ಶಾಯಿಯಲ್ಲಿ ಬೆರಳು ಅದ್ದಿ ಒತ್ತುತ್ತಾರೆ.

ಮ್ಯಾನೇಜರು ಹಾಳೆ ಕೈಗಿತ್ತು, ಮೂರನೆಯ ಕಲಮಿನ ಮೇಲೆ ಉಗುರಿಂದ ಗೀರಿದ. “ಇದು ಬಿಡು, ಗೊತ್ತಲ್ಲ? ಕಾನೂನಿನ ಮಾತು. ಎಷ್ಟು ದಿನ, ಎಷ್ಟು ಹೊತ್ತು ಊಟ, ಅಷ್ಟು ಓದು ಸಾಕು.”

ಗೊತ್ತಿತ್ತು. ಹೋದ ವರ್ಷವೂ ಹೀಗೇ ಗೀರಿದ್ದ. ಹೋದ ವರ್ಷವೂ ನಾನು ಆ ಸಾಲನ್ನು ಮನಸ್ಸಿನೊಳಗೆ ಓದಿಕೊಂಡು, ಬಾಯಲ್ಲಿ ನುಂಗಿ, ನಾಲ್ಕನೆಯದಕ್ಕೆ ಜಿಗಿದಿದ್ದೆ. ಕೆಲಸ ಹೋದೀತು ಎಂಬ ಹೆದರಿಕೆ, ಇನ್ನೇನಿಲ್ಲ. ಅಣ್ಣ ನನ್ನ ಪಕ್ಕದಲ್ಲೇ ನಿಂತು, “ನನ್ ತಮ್ಮ ಓದಿದ್ಮೇಲೆ ಮುಗೀತು” ಎಂದು ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದ್ದ. ಒಂದು ವರ್ಷದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ಅತ್ತಿಗೆಯ ಕೈಯ ಅನ್ನ ಉಂಡಿದ್ದೇನೆ, ಹೇಳಿರಲಿಲ್ಲ.

ಅಂಗಳದಲ್ಲಿ ನಿಂತು ಓದಿದೆ. ಮೊದಲನೆಯದು ದಿನಗಳ ವಿಷಯ. ಎರಡನೆಯದು ಹೊರೆಯ ವಿಷಯ. ಅತ್ತಿಗೆ ಆಗಲೇ ಹೆಬ್ಬೆರಳನ್ನು ಶಾಯಿಗೆ ಒತ್ತಿ ಸಿದ್ಧವಾಗಿದ್ದಳು. ಮ್ಯಾನೇಜರಿನ ಉಗುರಿನ ಗೀರು ಕಣ್ಣಿಗೆ ಬಿತ್ತು. ಆದರೂ ಮುಂದಕ್ಕೆ ಹೋದೆ.

“ಮೂರನೆಯದು. ನಾನು ಎತ್ತರದ ಪ್ರದೇಶದಲ್ಲಿ ಹುಟ್ಟಿ ಬೆಳೆದವನಾಗಿದ್ದು, ನನಗೆ ವಿಶ್ರಾಂತಿಯ ದಿನದ ಅಗತ್ಯವಿರುವುದಿಲ್ಲ. ಅಲ್ಲಿ ನನ್ನ ದೇಹಕ್ಕೆ ಏನೇ ಆದರೂ ನಾನೇ ಹೊಣೆಯಾಗಿರುತ್ತೇನೆ. ನನ್ನ ಕುಟುಂಬದವರು ಯಾವುದೇ ಪರಿಹಾರ ಕೇಳತಕ್ಕದ್ದಲ್ಲ.”

“ಏಯ್!” ಮ್ಯಾನೇಜರು ಹಾಳೆಗೆ ಕೈ ಹಾಕಿದ. ನಾನು ಹಿಂದೆ ಸರಿದೆ.

ಅತ್ತಿಗೆ ನನ್ನ ಎದುರು ಬಂದು ನಿಂತಳು. “ಇದು ಹೋದ್ಸಲಾನೂ ಇತ್ತಾ?”

“ಇತ್ತು.”

“ಓದಿದ್ಯಾ?”

“ಇಲ್ಲ ಅತ್ತಿಗೆ. ಬಿಟ್ಟೆ. ಬಿಡು ಅಂದ್ರು, ಬಿಟ್ಟೆ.”

ಅವಳು ಕೆನ್ನೆಗೆ ಬಾರಿಸಿದಳು. ಮರಳು ಹೊತ್ತ ಕೈ, ಕಿವಿ ಗುಂಯ್ಗುಟ್ಟಿತು. ಇನ್ನೊಂದು ಬಿದ್ದರೂ ತಗೊಳ್ಳೋಣ ಎಂದು ನಿಂತೇ ಇದ್ದೆ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

“ಅವ್ರು ನನ್ ಗಂಡನ್ನ ಕುಡುಕ ಅಂದ್ರು. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ಯಲ್ಲೋ, ಹಲ್ಕಾ... ಓದು. ಇನ್ನೊಂದ್ಸಲ ಓದು. ಎಲ್ರಿಗೂ ಕೇಳ್ಲಿ.”

ಓದಿದೆ. ಗದ್ದಲಕ್ಕೆ ಒಳಗಿನ ಬಾಗಿಲು ತೆರೆದು ಅತಿಥಿಗಳು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಮೂರನೆಯ ಸಲ ಅವರ ಕಡೆ ತಿರುಗಿ ಓದಿದೆ. ಒಬ್ಬಾಕೆ ಬಗ್ಗಿ ಬೂಟಿನ ದಾರ ಕಟ್ಟತೊಡಗಿದಳು, ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಕನ್ನಡಕದವನು ಗಡಿಯಾರ ನೋಡಿಕೊಂಡ.

ಅತ್ತಿಗೆ ಶಾಯಿಯ ಬೆರಳನ್ನು ಆ ಕೆಂಪು ಟೋಪಿಗೆ ತಿಕ್ಕಿ ಒರೆಸಿ, ಟೋಪಿಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದಳು. ಆಮೇಲೆ ತನ್ನ ಹೊರೆಯ ಮೇಲೆ ಕೂತಳು. “ನಾಲ್ಕನೇ ದಿನ ನಮಗೂ ಅಂತ ಆ ಹಲಗೆ ಮೇಲೆ ಬರೀರಿ. ಏಳ್ತೀನಿ. ಇಲ್ದಿದ್ರೆ ಆ ಕುರ್ಚಿ ನೀವೇ ಹೊತ್ಕೊಂಡು ಹೋಗಿ ಕೂತ್ಕೊಳಿ.” ಅವಳ ಹಿಂದೆ ಒಬ್ಬ ಕೂತ. ಮತ್ತಿಬ್ಬರು ಕೂತರು. ಅವಳೂ ಸೇರಿ ಹತ್ತು ಜನ ಕೂತರು. ಉಳಿದ ಮೂವರು ತಲೆ ತಗ್ಗಿಸಿಕೊಂಡು ಶಾಯಿಯ ಹತ್ತಿರವೇ ನಿಂತರು, ಅವರ ಮನೆಯ ಒಲೆ ಉರಿಯದ್ದು ನನಗೂ ಗೊತ್ತು.

ಧಣಿ ಬೈಯಲಿಲ್ಲ. ಮೆಟ್ಟಿಲ ಮೇಲೆ ಅತಿಥಿಗಳಿದ್ದರಲ್ಲ. “ಹನ್ನೊಂದು ಜನ ಬೇಕು, ಗೇಟ್ ತೆಗಿ,” ಎಂದು ಮ್ಯಾನೇಜರಿಗೆ ಅಷ್ಟೇ ಹೇಳಿದ.

ನಾನು ಮ್ಯಾನೇಜರಿಗಿಂತ ಮೊದಲು ಗೇಟಿಗೆ ಓಡಿದೆ. ಸರಳುಗಳ ಆಚೆ ಅರವತ್ತು ಜನವೂ ಎದ್ದು ನಿಂತಿದ್ದರು. ಎಲ್ಲರೂ ಗುರುತಿನ ಮುಖಗಳೇ, ನಮ್ಮ ಹೊಳೆದಂಡೆಯವರೇ. ಸರಳುಗಳಿಗೆ ಮುಖ ಮಾಡಿ ನಿಂತು, ಒಮ್ಮೆ ಉಸಿರೆಳೆದುಕೊಂಡು, ಮೂರನೆಯ ಕಲಮನ್ನು ಮೊದಲಿಂದ ಕೊನೆಯವರೆಗೆ ಓದಿದೆ.

ಮುಂದೆ ನಿಂತವನು ನನ್ನ ಜೊತೆ ಒಂದೇ ದೋಣಿಯಲ್ಲಿ ಮರಳು ತುಂಬಿದವನು. ಕೊನೆಯವರೆಗೂ ಗಮನಕೊಟ್ಟು ಕೇಳಿಸಿಕೊಂಡ. ಮೂರು ದಿನದಿಂದ ಕೆಲಸವಿಲ್ಲದ ಮುಖ.

“ಓದಿದ್ದು ಆಯ್ತಾ?” ಎಂದ. “ಆಯ್ತು ಅಂದ್ರೆ ದಾರಿ ಬಿಡು ಮಾರಾಯ.”

ಬೆನ್ನ ಹಿಂದೆ ಮ್ಯಾನೇಜರಿನ ಬೀಗದ ಕೈಗಳ ಸದ್ದು ಹತ್ತಿರ ಬರುತ್ತಿತ್ತು. ನಾನು ಎಡಗೈಯಲ್ಲಿ ಗೇಟಿನ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಲಗೈಯಲ್ಲಿದ್ದ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಇನ್ನೂ ಜೋರಾಗಿ ಓದತೊಡಗಿದೆ.