ಎಡಬದಿಯ ಸರದಿ

ಅಕ್ಕನ ಎಡಗೈ ಹೆಬ್ಬೆರಳು ತಟ್ಟನೆ ಕುಣಿಯಿತು. ಕುಣಿಸಿದ್ದು ಅವಳಲ್ಲ, ಡಾಕ್ಟರು. ಎಂಟರ ಆಕಾರದ ಸುರುಳಿಯೊಂದನ್ನು ಅವಳ ತಲೆಯ ಬಲಬದಿಗೆ ಆನಿಸಿ ಹಿಡಿದು, ಕಾಲ ಬಳಿಯ ಗುಂಡಿ ತುಳಿದಿದ್ದರು. ಟಕ್ ಎಂದು ಒಂದು ಸದ್ದು, ಬೆರಳಿನದೊಂದು ಸಣ್ಣ ನೆಗೆತ. ಸುರುಳಿಯನ್ನು ಬೆರಳಗಲ ಮುಂದೆ ಸರಿಸಿ ಮತ್ತೆ ತುಳಿದರು. ಬೆರಳು ಸುಮ್ಮನಿತ್ತು. ಹಿಂದಕ್ಕೆಳೆದು ತುಳಿದರು. ಕುಣಿಯಿತು. ಅವಳ ತಲೆಗೆ ಬಿಗಿಯಾಗಿ ಹಾಕಿದ್ದ ಬಿಳಿ ಟೋಪಿಯ ಮೇಲೆ ಆ ಜಾಗಕ್ಕೊಂದು ನೀಲಿ ಚುಕ್ಕೆ ಇಟ್ಟರು.

"ನೋವಾಯ್ತಾಮ್ಮ?" ಎಂದು ಕೇಳಿದರು.

"ಆಯ್ತು," ಎಂದಳು ಅಕ್ಕ.

ಡಾಕ್ಟರು ಗಾಬರಿಯಿಂದ ಸುರುಳಿ ಎತ್ತಿಬಿಟ್ಟರು. ನಾನು ಮೂಲೆಯ ಕುರ್ಚಿಯಿಂದ ಎದ್ದು, ನೋವೇನೂ ಆಗಿಲ್ಲ, ಅವಳು ಎಲ್ಲದಕ್ಕೂ ಹಾಗೇ ಅನ್ನುವುದು, ಕಾಫಿ ಬೇಕಾ ಅಂದರೂ ಆಯ್ತು, ಮನೆಗೆ ಬೆಂಕಿ ಬಿದ್ದಿದೆ ಅಂದರೂ ಆಯ್ತು ಎಂದು ವಿವರಿಸಿದೆ. ಫೈಲಿನಲ್ಲಿ ಅದನ್ನು ಬರೆದಿತ್ತು, ಅವರು ಓದಿಯೂ ಇದ್ದರು. ಆದರೂ ಕಿವಿಯಾರೆ ಕೇಳಿದಾಗ ನಂಬದೆ ಇರುವುದು ಕಷ್ಟ ಎಂದು ನಕ್ಕರು.

ಕಷ್ಟವೇ. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬ್ರಷ್ ಕೈಬಿಟ್ಟು ಗೋಡೆಗೆ ಒರಗಿದ್ದಳು. ಮಿದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿತ್ತು. ಬಲಗೈ ಒಂದು ತಿಂಗಳಲ್ಲಿ ಹಿಂತಿರುಗಿತು, ನಡಿಗೆ ಅದಕ್ಕೂ ಮೊದಲೇ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಹೋಯಿತು. ಹೋಗುವಾಗ ಪೂರ್ತಿ ಗುಡಿಸಿಕೊಂಡು ಹೋಗದೆ, ಬಾಗಿಲ ಹಿಂದೆ ಮರೆತ ಚಪ್ಪಲಿಯಂತೆ ಒಂದೇ ಒಂದು ಪದ ಬಿಟ್ಟುಹೋಯಿತು.

ಅದೂ ಎಂಥ ಪದ, ಎಂಥವಳಿಗೆ. ಅಕ್ಕ ಪಿಂಗಾಣಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಪರೀಕ್ಷೆಯ ಮೇಜಿನಲ್ಲಿ ಕೂತವಳು. ಭಟ್ಟಿಯಿಂದ ಬಂದ ಪ್ರತಿ ಬಟ್ಟಲನ್ನೂ ಎಡ ಅಂಗೈಯಲ್ಲಿ ನಿಲ್ಲಿಸಿ, ಸಣ್ಣ ಮರದ ಕಡ್ಡಿಯಿಂದ ಅಂಚಿಗೆ ತಟ್ಟುವುದು ಅವಳ ಕೆಲಸ. ಟಿಣ್ ಎಂದರೆ ಬಲಗಡೆಯ ತಟ್ಟೆಗೆ. ಸದ್ದು ಮಂಕಾಗಿ ಸತ್ತರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ, ಎಡಗಡೆಗೆ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಟಿಣ್ಣಕ್ಕ ಎನ್ನುತ್ತಿದ್ದರು. ತಟ್ಟುವುದು ಅರ್ಧ ಕೆಲಸ. ಇನ್ನರ್ಧ ಜಗಳ. ತನ್ನ ಭಟ್ಟಿಯ ಮಾಲು ಎಡಗಡೆಗೆ ಬಿದ್ದರೆ ಭಟ್ಟಿ ಮೇಸ್ತ್ರಿ ಸಹಿಸುತ್ತಿರಲಿಲ್ಲ. ದಿನವೂ ಬಂದು ವಾದಕ್ಕೆ ನಿಲ್ಲುತ್ತಿದ್ದ. ಮಾತು ಬಲ್ಲವರಿಗೆ ಜಗಳವಿಲ್ಲ ಎಂಬ ಗಾದೆ ಅಕ್ಕನ ಮಟ್ಟಿಗೆ ಸುಳ್ಳು. ಅವಳು ಮಾತೂ ಬಲ್ಲಳು, ಜಗಳವನ್ನೂ ಬಲ್ಲಳು, ಮೇಸ್ತ್ರಿ ಒಮ್ಮೆಯೂ ಗೆದ್ದವನಲ್ಲ.

ಎರಡು ತಿಂಗಳ ಹಿಂದೆ ಅವಳನ್ನು ಒಂದು ದಿನ ಮೇಜಿನಲ್ಲಿ ಕೂರಿಸಿ ನೋಡಿದರು. ಕಿವಿ ಹಾಗೇ ಇತ್ತು, ಕೈ ಹಾಗೇ ಇತ್ತು. ಬಿರುಕಿನ ಬಟ್ಟಲುಗಳನ್ನೆಲ್ಲ ತಪ್ಪದೆ ಎಡಗಡೆಗೆ ಇಟ್ಟಳು. ಸಂಜೆ ಮೇಸ್ತ್ರಿ ಬಂದು, ಟಿಣ್ಣಕ್ಕಾ, ಈ ಎಡಗಡೆ ತಟ್ಟೆದೂ ಕಳಿಸಿಬಿಡಲಾ ಎಂದು ಕೇಳಿದ. ಅಕ್ಕ ಆಯ್ತು ಎಂದಳು. ತಲೆಯನ್ನು ಅಡ್ಡಡ್ಡ ಆಡಿಸುತ್ತಲೇ ಅಂದಳಂತೆ. ಮೇಸ್ತ್ರಿ ತಲೆ ನೋಡಲಿಲ್ಲ, ಮಾತು ಕೇಳಿಸಿಕೊಂಡ. ಎರಡು ಪೆಟ್ಟಿಗೆ ಒಡಕು ಬಟ್ಟಲು ಊರು ಸುತ್ತಿ ವಾಪಸು ಬಂದವು. ಅವಳ ಜಾಗವನ್ನು ಮುಂದಿನ ತಿಂಗಳ ಕೊನೆಯವರೆಗೆ ಖಾಲಿ ಇಡುತ್ತೇವೆ, ಆಮೇಲೆ ಬೇರೆಯವರನ್ನು ಕೂರಿಸಬೇಕಾಗುತ್ತದೆ ಎಂದು ಮ್ಯಾನೇಜರು ಹೇಳಿದರು. ಅಂದಿನಿಂದ ಅಕ್ಕ ಕ್ಯಾಲೆಂಡರಿನ ಮುಂದೆ ನಿಲ್ಲುವುದನ್ನು ಕಲಿತಳು.

ಪೆಟ್ಟು ಬಿದ್ದಿರುವುದು ಎಡಕ್ಕೆ, ನೀವು ಬಲಕ್ಕೆ ಬಡಿಯುತ್ತಿದ್ದೀರಲ್ಲ ಎಂದು ಮೊದಲ ದಿನವೇ ಡಾಕ್ಟರನ್ನು ಕೇಳಿದೆ. ನೀಲಿ ಚುಕ್ಕೆಯಿಂದ ಅಳೆದು ಮುಂದಕ್ಕೆ, ಬಡಿಯಬೇಕಾದ ಜಾಗಕ್ಕೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೇಳಿದರು.

"ಮನೇಲಿ ಅಡುಗೆ ಮಾಡೋರು ಹುಷಾರು ತಪ್ಪಿ ಮಲಗಿದ್ರು ಅಂದ್ಕೊಳ್ಳಿ. ಪಕ್ಕದ ಮನೆಯವರು ಸಹಾಯಕ್ಕೆ ಬಂದ್ರು. ಒಳ್ಳೇದೇ. ಈಗ ಮಲಗಿದ್ದೋರು ಎದ್ದು ಕೂತಿದಾರೆ, ಆದ್ರೆ ಪಕ್ಕದ ಮನೆಯವರು ಸೌಟು ಬಿಡ್ತಿಲ್ಲ. ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳಿ ತಾಯಿ ಅಂತ ಅವರಿಗೆ ಹೇಳ್ತಿದೀವಿ, ಅಷ್ಟೆ."

ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಒಂದು ಕ್ಷಣ ಅಯಸ್ಕಾಂತವಾಗುತ್ತದೆ, ಆ ಬಲ ಬುರುಡೆ ದಾಟಿ ಒಳಗಿನ ನರಗಳನ್ನು ಮಿಡಿಸುತ್ತದೆ. ಸೆಕೆಂಡಿಗೆ ಒಂದರಂತೆ ಇಪ್ಪತ್ತು ನಿಮಿಷ ನಿಧಾನಕ್ಕೆ ಬಡಿದರೆ ಬಲಭಾಗದ ಆ ತುಣುಕು ತುಸು ಮಂಕಾಗುತ್ತದೆ. ಆಗ ಎಡಭಾಗದಲ್ಲಿ ಸತ್ತ ಜಾಗದ ಸುತ್ತ ಉಳಿದಿರುವ ನರಗಳಿಗೆ ಹೊಸ ದಾರಿ ಹಾಕಿಕೊಳ್ಳಲು ಅವಕಾಶ. ಹತ್ತು ದಿನ ಹೀಗೆ. ಗುಣ ಆಗುತ್ತದಾ ಎಂದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕೆಲವರಿಗೆ ಆಗಿದೆ, ಕೆಲವರಿಗೆ ಇಲ್ಲ, ಆದವರಿಗೂ ಇಷ್ಟೇ ಎಂದು ಹೇಳಲಾಗದು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದರು. ಯಂತ್ರ ನಿಂತ ಮೇಲಿನ ಒಂದು ಗಂಟೆ ಮಣ್ಣು ಹದವಾಗಿರುತ್ತದೆ. ಆಗ ಮಾತಾಡಿಸಬೇಕು. ಸುಮ್ಮನೆ ಮನೆಗೆ ಕರೆದುಕೊಂಡು ಹೋದರೆ ಬಡಿದದ್ದು ದಂಡ.

ಆ ಒಂದು ಗಂಟೆ ಪಕ್ಕದ ಕೋಣೆಯ ಮಾತಿನ ಟೀಚರದು. ದಪ್ಪ ಕನ್ನಡಕ, ಬೆರಳಿಗೆಲ್ಲ ಸ್ಕೆಚ್ ಪೆನ್ನಿನ ಬಣ್ಣ. ಒಂದೊಂದೇ ಚಿತ್ರ ತೋರಿಸಿ ಇದೇನು ಎನ್ನುತ್ತಿದ್ದರು. ಅಕ್ಕನ ತುಟಿ ಅಲುಗುತ್ತಿತ್ತು, ಗಂಟಲ ನರ ಉಬ್ಬುತ್ತಿತ್ತು, ಅಷ್ಟರಲ್ಲಿ ನಾನು ಹೇಳಿಬಿಡುತ್ತಿದ್ದೆ. ಬೀಗ. ಛತ್ರಿ. ಏಣಿ. ಬೇಕೆಂದು ಅಲ್ಲ. ನನ್ನದು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಕೆಲಸ. ಸಾಲು ದೊಡ್ಡದು, ಜನರಿಗೆ ಅವಸರ. ಬಾಯಿ ತೆರೆಯುವ ರೀತಿಯಲ್ಲೇ ಯಾವ ಊರಿನ ಬಸ್ಸು ಎಂದು ನನಗೆ ಗೊತ್ತಾಗುತ್ತದೆ. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಕೊಟ್ಟು ಮುಂದಿನವರನ್ನು ಕರೆಯುವುದೇ ನನ್ನ ಹೆಚ್ಚುಗಾರಿಕೆ.

"ಛತ್ರಿ ನಿಮಗೆ ಬರುತ್ತೆ ಅಂತ ಗೊತ್ತಾಯ್ತು," ಎಂದರು ಟೀಚರು. "ನಾನು ಕೇಳಿದ್ದು ಅಕ್ಕನ್ನ."

ಎರಡನೆಯ ದಿನದಿಂದ ನನ್ನನ್ನು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ನನಗೆ ಡಾಕ್ಟರು ಹೇಳಿದ ಪಕ್ಕದ ಮನೆಯವಳ ನೆನಪಾಗಿ ಸಿಟ್ಟು ಬಂತು. ನಾಲ್ಕು ತಿಂಗಳಿಂದ ಸೌಟು ಹಿಡಿದು ಹಿಡಿದು ಕೈ ಸೋತವರಿಗೂ ಒಂದು ಮರ್ಯಾದೆ ಇರುತ್ತದೆ.

ಮೂರು, ನಾಲ್ಕು, ಐದು. ಗೋಡೆಯಾಚೆಯಿಂದ ಮೊದಲು ಟಕ್ ಟಕ್, ಆಮೇಲೆ ಟೀಚರ ದನಿ, ಆಮೇಲೆ ಆಯ್ತು. ಆದರೆ ಆ ಪದದ ಮುಂದೆ ಈಗೊಂದು ತಡೆ ಬಂದಿತ್ತು. ಮೊದಲೆಲ್ಲ ಕೆಮ್ಮಿನಂತೆ ಹೊರಬೀಳುತ್ತಿದ್ದದ್ದನ್ನು ಅವಳೀಗ ಮನೆಯಲ್ಲೂ ಹಲ್ಲಿನ ಹಿಂದೆ ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದಳು. ಕೊನೆಗೆ ಸೋತು ಬಿಡುತ್ತಿದ್ದಳು. ಬಿಟ್ಟಮೇಲೆ ಮುಖ ಕಿವಿಚುತ್ತಿದ್ದಳು. ಐದನೆಯ ದಿನ ಆಟೋದಲ್ಲಿ ನಾನು, ದಣಿವಾಯ್ತಾ ಎಂದಾಗ ಅವಳು ಬಾಯಿ ಮುಚ್ಚಿಕೊಂಡು ರಸ್ತೆಯ ಕಡೆ ತಿರುಗಿದಳು. ನನಗೆ ಗುಣ ಹಿಂದಕ್ಕೆ ಸರಿದಂತೆ ಕಂಡಿತು. ಟೀಚರಿಗೆ ಹೇಳಿದಾಗ ಅವರು ಪುಸ್ತಕ ತೆಗೆದು ತಾರೀಖಿನ ಸಮೇತ ಅದನ್ನು ಬರೆದುಕೊಂಡರು.

ಆರನೆಯ ದಿನ ಬಾಗಿಲು ಅರ್ಧ ತೆರೆದಿತ್ತು. ಟೀಚರು ಚಿತ್ರಗಳನ್ನು ಕಟ್ಟಿಟ್ಟು ತಮ್ಮ ಬಟ್ಟಲಿಗೆ ಚಹಾ ಬಗ್ಗಿಸಿಕೊಳ್ಳಲು ಹೊರಟಿದ್ದರು. ಅಕ್ಕ ಕೈಚಾಚಿ ಬಟ್ಟಲನ್ನು ತಡೆದಳು. ಎಡ ಅಂಗೈಯಲ್ಲಿ ನಿಲ್ಲಿಸಿಕೊಂಡು ಬಲಗೈ ಉಗುರಿನಿಂದ ಅಂಚಿಗೆ ತಟ್ಟಿದಳು. ನನಗೇ ಕೇಳಿಸಿತು, ಸದ್ದಿಗೆ ಜೀವವಿರಲಿಲ್ಲ. ಅವಳ ಕೆಳತುಟಿ ಮುಂದೆ ಬಂತು. ನನ್ನ ನಾಲಿಗೆಯ ತುದಿಗೆ ಪದ ಬಂದು ಕೂತಿತು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಒ," ಎಂದಳು. ಬಹಳ ಹೊತ್ತು ಅಲ್ಲೇ ನಿಂತಳು. "ಒಡಕು."

ಟೀಚರು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ವರ್ಷದಿಂದ ಇದರಲ್ಲೇ ಕುಡೀತಿದೀನಲ್ಲ ಎಂದು ಗೊಣಗಿ ಅದನ್ನು ಕಸದ ಬುಟ್ಟಿಗೆ ಹಾಕಿದರು. ಕನ್ನಡಕ ತೆಗೆದು ಒರೆಸಿಕೊಂಡದ್ದು ಚಹಾದ ಹಬೆಗೆ ಎಂದು ಆಮೇಲೆ ನನಗೆ ಹೇಳಿದರು. ಚಹಾ ಇನ್ನೂ ಬಗ್ಗಿಸಿರಲೇ ಇಲ್ಲ.

ಮರುದಿನ ಅಕ್ಕ ಛತ್ರಿಗೂ ಒಡಕು ಎಂದಳು, ಏಣಿಗೂ ಒಡಕು ಎಂದಳು, ಬಾಗಿಲಲ್ಲಿ ಇಣುಕಿದ ಡಾಕ್ಟರಿಗೂ ಒಡಕು ಎಂದಳು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದಿದ್ದದ್ದು ಎರಡಾಯಿತು, ಎರಡಾದರೆ ಆರಿಸಿಕೊಳ್ಳಬೇಕಾಗುತ್ತದೆ, ಆರಿಸುವುದೇ ಮಿದುಳಿನ ಕಸರತ್ತು ಎಂದರು. ಎಂಟನೆಯ ದಿನ ಬೀಗ ಬಂತು, ನೀರು ಬಂತು. ಛತ್ರಿ ಮಾತ್ರ ಬರಲಿಲ್ಲ.

ಆ ಸಂಜೆ ಮನೆಗೆ ಬಂದವಳು ಮೆಟ್ಟಿಲು ಹತ್ತದೆ, ಮೆಟ್ಟಿಲ ಕೆಳಗಿನ ಖಾಲಿ ಜಾಗದ ಮುಂದೆ ನಿಂತಳು. ಅಲ್ಲಿ ಅವಳ ಸೈಕಲ್ ಇರುತ್ತಿತ್ತು. ಹತ್ತೊಂಬತ್ತು ವರ್ಷ ಕಾರ್ಖಾನೆಗೆ ತುಳಿದ ಸೈಕಲ್.

"ಎಲ್ಲಿ?" ಎಂದಳು.

ನಾಲ್ಕು ತಿಂಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ. ವಿಚಾರಣೆ ಕಿಟಕಿಯಲ್ಲಿ ಹನ್ನೊಂದು ವರ್ಷ ಕೂತವಳು ಚೀಲದಲ್ಲಿ ಬೀಗದ ಕೈ ಹುಡುಕತೊಡಗಿದೆ. ಎರಡು ತಿಂಗಳ ಹಿಂದೆ ಎದುರು ಮನೆಯ ಹುಡುಗಿಗೆ ಕೊಟ್ಟುಬಿಟ್ಟಿದ್ದೆ. ಇನ್ನು ನೀನು ತುಳಿಯೋದು ಬೇಡ, ಕೊಟ್ಟುಬಿಡಲಾ ಅಂದಿದ್ದೆ.

"ನೀನೇ ಆಯ್ತು ಅಂದ್ಯಲ್ಲಕ್ಕ," ಎಂದೆ.

ಅವಳು ನನ್ನನ್ನು ನೋಡಿದಳು, ಬಟ್ಟಲನ್ನು ಬೆಳಕಿಗೆ ಹಿಡಿದು ನೋಡುವವರ ಹಾಗೆ. ಆಮೇಲೆ ಮೆಟ್ಟಿಲು ಹತ್ತಿ ಹೋದಳು.

ನಾನು ಕೆಳಗೇ ಕೂತೆ. ಮೇಸ್ತ್ರಿಯನ್ನು ಎರಡು ತಿಂಗಳು ಮನಸಾರೆ ಬೈದಿದ್ದೆ. ಅವನು ಒಂದು ಸಂಜೆ ಮಾಡಿದ್ದನ್ನು ನಾನು ದಿನವೂ ಮಾಡಿದ್ದೆ. ಅವಳ ಕೂದಲು ಗಿಡ್ಡ ಮಾಡಿಸಿದ್ದು, ಅವಳ ಮಂಚವನ್ನು ಕಿಟಕಿಯಿಂದ ಗೋಡೆಯ ಕಡೆಗೆ ತಳ್ಳಿದ್ದು, ರೇಡಿಯೋ ಮೂಟೆ ಕಟ್ಟಿದ್ದು, ಎಲ್ಲದಕ್ಕೂ ಕೇಳಿದ್ದೆ, ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿತ್ತು. ಆ ಒಪ್ಪಿಗೆ ಎಂಥದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು. ಇನ್ನೂ ಒಂದಿತ್ತು. ಹೋದ ವಾರ ಮ್ಯಾನೇಜರ ಬಳಿ ಹೋಗಿ, ಜಗಳವಿಲ್ಲದ, ಮಾತಿಲ್ಲದ, ಕೂತು ಮಾಡುವ ಕೆಲಸ ಯಾವುದಾದರೂ ಇದ್ದರೆ ಕೊಡಿ, ಅಕ್ಕ ಒಪ್ಪಿದ್ದಾಳೆ ಎಂದು ಹೇಳಿ ಬಂದಿದ್ದೆ.

ಮೇಲೆ ಹೋಗಿ ಅದನ್ನೂ ಅವಳಿಗೆ ಹೇಳಿದೆ. ಮಂಚವನ್ನು ಕಿಟಕಿಗೆ ಎಳೆಯಲು ನನ್ನ ನೆರವಿಗೆ ಕಾಯದೆ ಅರ್ಧ ಎಳೆದಿದ್ದಳು. ಇನ್ನರ್ಧ ಇಬ್ಬರೂ ಸೇರಿ ಎಳೆದೆವು. ಅವಳು ಆಯ್ತು ಅನ್ನಲಿಲ್ಲ.

ಹತ್ತನೆಯ ದಿನ ತಿಂಗಳ ಕೊನೆಗೆ ಎರಡು ದಿನ ಬಾಕಿ. ಟಕ್ ಟಕ್ ಮುಗಿದ ಕೂಡಲೇ, ಈ ಒಂದು ಗಂಟೆ ಇವತ್ತು ಕಾರ್ಖಾನೆಯಲ್ಲಿ ಕಳೆಯಲಿ ಎಂದು ಟೀಚರೇ ಕಳಿಸಿಕೊಟ್ಟರು. ಅಕ್ಕನ ಹಣೆಯ ಮೇಲೆ ಟೋಪಿಯ ಅಚ್ಚು ಇನ್ನೂ ಕೆಂಪಗಿತ್ತು.

ಮ್ಯಾನೇಜರು ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಮೇಸ್ತ್ರಿ ಬಾಗಿಲಿಗೊರಗಿ ನಿಂತಿದ್ದ, ಅಕ್ಕನ ಮುಖ ನೋಡಲಾರದೆ ನೆಲದ ಹೆಂಚು ಎಣಿಸುತ್ತಿದ್ದ. ರವಾನೆ ಕೋಣೆಯಲ್ಲಿ ಒಂದು ಜಾಗ ಮಾಡಿದ್ದಾರಂತೆ. ಪರೀಕ್ಷೆ ಮುಗಿಸಿ ಬಂದ ಪೆಟ್ಟಿಗೆಗಳಿಗೆ ಪಾಸ್ ಎಂಬ ಮೊಹರು ಒತ್ತುವುದು. ಫ್ಯಾನಿನ ಕೆಳಗೆ ಕುರ್ಚಿ. ಯಾರ ಜೊತೆಯೂ ಮಾತಾಡಬೇಕಿಲ್ಲ, ಯಾರೂ ಜಗಳಕ್ಕೆ ಬರುವುದಿಲ್ಲ. ಹೊಸ ಮೊಹರನ್ನು ಮೇಜಿನ ಮೇಲಿಟ್ಟು ಅವಳ ಕಡೆ ಸರಿಸಿದರು. ಎಲ್ಲಾ ಒಪ್ಪಿಗೆಯೇ ತಾನೆ ಎಂದು ಕೇಳಿದರು.

ಅಕ್ಕ ಮೊಹರನ್ನು ನೋಡಿದಳು. ತುಟಿ ಬಿಗಿಯಿತು. ಮ್ಯಾನೇಜರಿಗೆ ಕಾದು ಅಭ್ಯಾಸವಿಲ್ಲ, ನನ್ನ ಕಡೆ ತಿರುಗಿದರು.

"ಏನಂತಾರೆ ನಿಮ್ಮಕ್ಕ?"

ನನ್ನ ಬಾಯಿ ಅರ್ಧ ತೆರೆದಿತ್ತು. ಮುಚ್ಚಿಕೊಂಡೆ.

"ಅವಳನ್ನೇ ಕೇಳಿ ಸಾರ್," ಎಂದೆ. "ಸ್ವಲ್ಪ ಹೊತ್ತಾಗುತ್ತೆ."

ಹೊತ್ತಾಯಿತು. ಮೇಸ್ತ್ರಿ ನೆಲದಿಂದ ಕಣ್ಣೆತ್ತಿದ. ಅಕ್ಕನ ಗಂಟಲ ನರ ಉಬ್ಬಿತು. ಹಳೆಯ ಪದ ಹಲ್ಲಿನವರೆಗೆ ಬಂದದ್ದು ನನಗೆ ಕಂಡಿತು, ಅವಳು ಅದನ್ನು ನುಂಗಿಕೊಂಡದ್ದೂ ಕಂಡಿತು. ಬಲಗೈ ಮುಂದೆ ಚಾಚಿ, ಮೊಹರನ್ನು ಮೇಜಿನ ಎಡಗಡೆಗೆ ಸರಿಸಿದಳು.

"ಬೇಡ," ಎಂದಳು.

ಮ್ಯಾನೇಜರು, ಆತುರ ಏನಿಲ್ಲ, ಇನ್ನೂ ಎರಡು ದಿನ ಇದೆ, ಯೋಚಿಸಿ ನೋಡಿ ಎಂದರು.

"ಬೇಡ," ಎಂದಳು ಅಕ್ಕ. "ನಂಗೆ ಬೇಡ."